ಊರವ್ರ್ ಬಂದಿರ್

ಚೆನ್ನೈಯ ಮೈಲಾಪೂರಿನ ನಮ್ಮ ಹೋಟೆಲಿನಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಒಂದು ಕಿಂಡಿಯಿದೆ. ಅಲ್ಲಿ ನಿಂತು ಆರ್ಡರ್ ಕೂಗುವುದು ಅಪ್ಪನ ಕೆಲಸವಾಗಿತ್ತು. ಇಡ್ಲಿ, ದೋಸೆಯನ್ನೆಲ್ಲ ತಮಿಳಿನಲ್ಲೇ ಕೂಗುತ್ತಿದ್ದರು. ಕುಂದಾಪುರ ಕಡೆಯ ಗಿರಾಕಿ ಬಂದರೆ ಮಾತ್ರ ದನಿಯೇ ಬೇರೆ: "ಊರವ್ರ್ ಬಂದಿರ್!" ಅಂದರೆ ದೋಸೆಗೆ ತುಪ್ಪ ಧಾರಾಳ, ಕೇಳುವ ಮೊದಲೇ ಇನ್ನೊಂದು ಸೌಟು ಚಟ್ನಿ. ನಾನು ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟೇ ದೊಡ್ಡವಳಾದೆ.

ಗಂಟಲಿನ ಆಪರೇಷನ್ ಆದಮೇಲೆ ಅಪ್ಪನ ದನಿ ಪೂರ್ತಿ ಹೋಯಿತು. ಮನೆಯಲ್ಲಿ ಕೂರಿ ಎಂದರೆ ಕೇಳುವ ಆಸಾಮಿಯಲ್ಲ. ಕಿಂಡಿಯ ಜಾಗ ಅವರಿಗೆ ಉಳಿಯಬೇಕಾದರೆ ಕೂಗದೆ ಆರ್ಡರ್ ಒಳಗೆ ಹೋಗಬೇಕು. ಅದಕ್ಕೇ ನಾನು ಅಣ್ಣಾ ನಗರ್‌ನ ವೆಬ್ ಪುಟ ಮಾಡಲು ಕಲಿಸುವ ಒಂದು ಕ್ಲಾಸಿಗೆ ಸೇರಿದೆ.

ಮೊದಮೊದಲು ತಲೆ ಗಿರ್ರೆಂದಿತು. ಪುಟದ ಪ್ರತಿ ತುಂಡಿಗೂ ಅದರ ಕೆಲಸ ಹೇಳುವ ಟ್ಯಾಗ್ ಹಾಕಬೇಕು. ಮಸಾಲೆ ಡಬ್ಬಿಗಳಿಗೆ ಹೆಸರು ಅಂಟಿಸಿದ ಹಾಗೆ ಎಂದುಕೊಂಡ ಮೇಲೆ ಹಗುರವಾಯಿತು. ಕಲಿಸುವವಳು ನನಗಿಂತ ಎಷ್ಟೋ ಚಿಕ್ಕವಳು. ಒಂದು ಟ್ಯಾಗ್ ಮುಚ್ಚಲು ಮರೆತರೆ ಅಜ್ಜಿಯ ಹಾಗೆ ಗದರುತ್ತಿದ್ದಳು. ಅಂತೂ ಇಂತೂ ಟ್ಯಾಬ್ಲೆಟ್ ಮುಟ್ಟಿದರೆ ಅಡುಗೆಮನೆಯ ಸ್ಕ್ರೀನಿನಲ್ಲಿ ಆರ್ಡರ್ ಮೂಡತೊಡಗಿತು. ಇಂಟರ್ನೆಟ್ ಕೈಕೊಟ್ಟರೂ, ಬರುವವರೆಗೆ ಪುಟವೇ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಅಪ್ಪ ಬೇಗ ಕಲಿತರು.

ಆದರೆ ಹೋಟೆಲು ಮೂಕವಾಯಿತು. ಆ ಕೂಗು ಕೇಳಬೇಕೆಂದು ಜೀವ ಹಂಬಲಿಸುತ್ತಿತ್ತು. ಒಂದು ರೆಕಾರ್ಡಿಂಗೂ ಇರಲಿಲ್ಲ. ದಿನಾ ಕೇಳುವುದನ್ನು ಯಾರು ರೆಕಾರ್ಡ್ ಮಾಡುತ್ತಾರೆ?

ಆರ್ಡರ್ ಫಾರ್ಮಿಗೆ 'ಊರವ್ರ್' ಎಂಬ ಟಿಕ್ ಹಾಕುವ ಚೌಕ ಸೇರಿಸಿ, ಟಿಕ್ ಬಿದ್ದರೆ ಬ್ರೌಸರೇ ಅಪ್ಪನ ಆ ಮಾತನ್ನು ಕೂಗುವಂತೆ ಮಾಡಿದೆ. ಏನೂ ಕೇಳಲಿಲ್ಲ. ಪುಟದ ಮೊದಲ ಸಾಲಿನಲ್ಲಿ ಭಾಷೆ ಯಾವುದೆಂದು ಹೇಳಬೇಕು. ನಾನು ಅಭ್ಯಾಸಬಲದಿಂದ ತಮಿಳು ಎಂದು ಬರೆದಿದ್ದೆ. ತಮಿಳು ದನಿಗೆ ಕನ್ನಡ ಅಕ್ಷರ ಬಾರದು. ತಿದ್ದಿದೆ. ಆಗ ಬ್ರೌಸರಿನೊಳಗಿಂದ ಒಬ್ಬಳು ವಾರ್ತೆ ಓದುವ ಗತ್ತಿನಲ್ಲಿ, ಅಕ್ಷರ ಬಿಡಿಸಿ ಬಿಡಿಸಿ, ಊರವರು ಬಂದ ಸುದ್ದಿ ಓದಿದಳು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು, ಸದ್ದಿಲ್ಲದೆ. ನನಗೆ ಅಳು ಬಂತು. ಅವಳ ಬಾಯಿ ಮುಚ್ಚಿಸಿ ಚೌಕವನ್ನಷ್ಟೇ ಉಳಿಸಿದೆ.

ಒಂದು ಮಧ್ಯಾಹ್ನ ಮುದುಕರೊಬ್ಬರು ಬಂದು ಕೂತು, "ಹ್ವಾಯ್, ನೀರ್" ಎಂದರು, ಅಪ್ಪಟ ಕುಂದಾಪುರದ ಧಾಟಿಯಲ್ಲಿ. ಅಪ್ಪನ ಮುಖ ಅರಳಿತು. ಚೌಕಕ್ಕೆ ಟಿಕ್ ಹಾಕಿದರು. ಅಡುಗೆಯವರು ಈಗ ಒಡಿಶಾದವರು, ಆ ಮಾತು ಅವರಿಗೆ ಹೊಸದು. ಸ್ಕ್ರೀನ್ ನೋಡಿ, ಇದೇನೆಂದು ಕಿಂಡಿಯಲ್ಲಿ ಇಣುಕಿದರು. ಅಪ್ಪ ಬಾಯಿ ತೆರೆದರು. ತುಟಿ ಅಲುಗಿತು, ಅಷ್ಟೇ.

ನಾನು ಅವರ ಪಕ್ಕ ನಿಂತು ಕೂಗಿದೆ: "ಊರವ್ರು ಬಂದಿರು!"

ಅಪ್ಪ ನುಂಗುತ್ತಿದ್ದ ಕೊನೆಯಕ್ಷರವನ್ನು ನಾನು ಎಳೆದಿದ್ದೆ. ಹಾಗಲ್ಲ ಎಂದು ಒಂದೇ ಒಂದು ಸಲ ಬೈಯಲಿ ಎಂದು ಅವರ ಮುಖ ನೋಡಿದೆ. ಅವರು ಅಂಗೈಯನ್ನು ಮೇಲಕ್ಕೆತ್ತಿ ತೋರಿಸಿದರು: ಇನ್ನೂ ಜೋರು. ಮತ್ತೆ ಕೂಗಿದೆ.

ಮುದುಕರು ತಲೆಯೆತ್ತಿ, ಯಾವ ಊರಮ್ಮ ನಿನ್ನದು ಎಂದು ಕನ್ನಡದಲ್ಲೇ ಕೇಳಿದರು. ನಾನು ಅಪ್ಪನ ಕಡೆ ತಿರುಗಿದೆ. ಅಪ್ಪನೂ ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು.