ಎಳೆಯುವ ಪೈಪು, ಬಿಡುವ ಪೈಪು

ಆಗೆಲ್ಲ ಎಷ್ಟು ಚೆನ್ನಾಗಿತ್ತು ಎಂದು ಬರೆಯುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಏನು ಚೆನ್ನಾಗಿತ್ತು, ಯಾರಿಗೆ, ಯಾವುದಕ್ಕೆ ಹೋಲಿಸಿದರೆ ಎಂದು ಕೇಳಿ ನೋಡಿ, ಮಾತು ಬದಲಿಸುತ್ತಾರೆ. ನಾನು ಹೇಳಬಲ್ಲದ್ದು ಇಷ್ಟು: ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಶುಂಠಿ ಕೀಳುವ ಆ ದಿನಗಳಲ್ಲಿ, ಶಿಕಾರಿಪುರದ ನಮ್ಮ ಮನೆ ಮುಂದೆ ಒಂದು ಹಳೆಯ ಮಿನಿ ಲಾರಿ ನಿಂತಿರುತ್ತಿತ್ತು. ಅದು ಚೆನ್ನಾಗಿರಲಿಲ್ಲ.

ಓಡಿಸುತ್ತಿದ್ದವರು ಅಜ್ಜ. ಅಂಜನಾಪುರದ ಕಾಲುವೆ ಬದಿಯ ನಮ್ಮ ಹೊಲದಿಂದಲೂ ಅಕ್ಕಪಕ್ಕದವರ ಹೊಲಗಳಿಂದಲೂ ಶುಂಠಿ ತುಂಬಿಕೊಂಡು ಸೊರಬದ ಒಂದು ಶುಂಠಿ ಒಣಗಿಸುವ ಕಣಕ್ಕೆ ಮುಟ್ಟಿಸುವುದು ಅವರ ಕೆಲಸ. ಲಾರಿ ಖಾಲಿ ನಿಂತಾಗ ಅದರ ಹಿಂಭಾಗ ನಮ್ಮ ಬೀದಿಯ ಮಕ್ಕಳದು. ಕಬ್ಬಿಣದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಒಬ್ಬರು ನೆಗೆದರೆ ಇಡೀ ಲಾರಿ ಧಡ್ ಎನ್ನುತ್ತಿತ್ತು, ಒಳಗಿನಿಂದ ಅವ್ವ ಬಯ್ಯುತ್ತಿದ್ದಳು. ಆಡಿ ಇಳಿದರೆ ಅಂಗಾಲಿಗೆಲ್ಲ ಕೆಮ್ಮಣ್ಣು, ಹಸಿಶುಂಠಿಯ ಘಾಟು. ಕಾಲು ತೊಳೆದರೂ ಹಾಸಿಗೆಯವರೆಗೆ ಬರುತ್ತಿತ್ತು.

ಆ ಸಲ ಅಜ್ಜ ಒಂದೇ ದೂರು ಹೇಳತೊಡಗಿದರು. "ಶಿರಾಳಕೊಪ್ಪ ದಾಟಿದ್ ಮೇಲೆ ಬ್ರೇಕು ಕಲ್ಲಾಗ್ತೈತೆ. ಮೆಟ್ಟಿದ್ರೆ ಇಳಿಯಲ್ಲ."

ಹೊಲ ನೋಡಿಕೊಳ್ಳುತ್ತಿದ್ದವನು, ಮನೆಯ ಎಲ್ಲ ರಿಪೇರಿಗೂ ಕೈ ಹಾಕುತ್ತಿದ್ದವನು ರುದ್ರೇಶ ಚಿಕ್ಕಪ್ಪ. ಬೆಳಿಗ್ಗೆ ಅಂಗಳದಲ್ಲೇ ಲಾರಿ ಸ್ಟಾರ್ಟ್ ಮಾಡಿ ಬ್ರೇಕ್ ಮೆಟ್ಟಿದ. ಬೆಣ್ಣೆಗೆ ಬೆರಳು ಇಳಿದಂತೆ ಇಳಿಯಿತು. ಎಂಜಿನ್ ಆರಿಸಿ, ಸೀಟುಗಳ ನಡುವಿನ ಮುಚ್ಚಳ ಎತ್ತಿ ಇಣುಕಿದ. ದೀಪಾವಳಿ ಹೊತ್ತಿಗೆ ಬ್ರೇಕಿನ ಹಳೆಯ ರಬ್ಬರ್ ಪೈಪು ಬಿರುಕು ಬಿಟ್ಟಿದ್ದಾಗ ತಾನೇ ಹಾಕಿದ್ದ ಹೊಸ ಹಸಿರು ಪೈಪು ಹಾಕಿದ ಹಾಗೇ ಇತ್ತು.

"ಲಾರಿ ಸರಿ ಐತಪ್ಪ," ಎಂದ. ಉಳಿದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ.

ಹೇಳುವ ದಿನವೂ ಬಂತು. ಸೊರಬದಿಂದ ಮರಳುವಾಗ ಉಡುತಡಿ ಹತ್ತಿರ ಟ್ರ್ಯಾಕ್ಟರೊಂದು ಅಡ್ಡ ಬಂದಾಗ ಅಜ್ಜ ಎರಡೂ ಕಾಲಿನಿಂದ ಬ್ರೇಕ್ ಮೆಟ್ಟಿ, ಒಂದು ಮಾರಿನ ಅಂತರದಲ್ಲಿ ಲಾರಿ ನಿಲ್ಲಿಸಿದ್ದರು. ಸುದ್ದಿ ಅವರಿಗಿಂತ ಮೊದಲು ಮನೆ ಮುಟ್ಟಿತ್ತು. ಸಂಜೆ ಚಿಕ್ಕಪ್ಪ ಗೂಟದಿಂದ ಲಾರಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. "ಮುಂದಿನ ವಾರದಿಂದ ಡ್ರೈವರ್ ಬರ್ತಾನೆ. ನೀನು ಸಾಕು ಮಾಡಪ್ಪ. ಕಾಲಲ್ಲಿ ಕಸು ಇಲ್ಲ."

ಅಜ್ಜ ರೊಟ್ಟಿ ಮುರಿದು ಹಾಗೇ ತಟ್ಟೆಯಲ್ಲಿ ಬಿಟ್ಟರು. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇರೆ ಗೆಳೆಯರೂ ಇರಲಿಲ್ಲ. ಇದ್ದವರೆಲ್ಲ ಸೊರಬದ ದಾರಿಯುದ್ದಕ್ಕೂ ಚಹಾದಂಗಡಿಗಳಲ್ಲಿದ್ದರು.

ನನಗೆ ಕರುಣೆ ಬಂದಿತೆಂದು ಹೇಳಲಾರೆ. ನನ್ನನ್ನು ಕಾಡಿದ್ದು ಚಿಕ್ಕಪ್ಪನ ಮಾತಿನಲ್ಲಿದ್ದ ತೂತು.

"ಚಿಕ್ಕಪ್ಪ, ಅಜ್ಜನ ಕಾಲಿಗೆ ಬೆಳಿಗ್ಗೆ ಕಸು ಇರುತ್ತೆ, ಶಿರಾಳಕೊಪ್ಪ ದಾಟಿದ್ ಮೇಲೆ ಹೋಗುತ್ತಾ?"

"ವಯಸ್ಸಾದವ್ರಿಗೆ ಸುಸ್ತಾಗುತ್ತೆ ಕಣೆ."

"ನಿಂಗೆ ಆಗಲ್ವಲ್ಲ? ಹಂಗಾದ್ರೆ ನೀನೇ ಸೊರಬಕ್ಕೆ ಓಡ್ಸು. ಅಂಗಳದಾಗೆ ನಿಲ್ಸಿ ಮೆಟ್ಟಿದ್ರೆ ಏನ್ ಗೊತ್ತಾಗುತ್ತೆ?"

"ಬಂದ್ಲು ನೋಡು ಲಾಯರಮ್ಮ. ಫೀಸ್ ಯಾರ್ ಕೊಡ್ತಾರಂತೆ?"

"ನೀನು ಸೋತ್ರೆ ನೀನು."

ಅವ್ವ ಒಳಗಿನಿಂದ "ದೊಡ್ಡೋರಿಗೆ ಹಂಗ್ ಮಾತಾಡ್ತಾರೇನೇ?" ಎಂದಳು. ಚಿಕ್ಕಪ್ಪ ಮಾತ್ರ ನಕ್ಕ. ಭಾನುವಾರದ ಲೋಡು ತಾನೇ ಒಯ್ಯುತ್ತೇನೆ ಎಂದ.

ಭಾನುವಾರ ಚಿಕ್ಕಪ್ಪ ಸ್ಟಿಯರಿಂಗಿನ ಮುಂದೆ, ಅಜ್ಜ ಕಿಟಕಿ ಬದಿಗೆ, ನಡುವೆ ಎಂಜಿನ್ ಮುಚ್ಚಳದ ಮೇಲೆ ಮಡಿಸಿದ ಗೋಣಿಚೀಲ ಹಾಸಿಕೊಂಡು ನಾನು. ಊರು ಬಿಟ್ಟಾಗ ಬೆಚ್ಚಗಿದ್ದ ಮುಚ್ಚಳ ಶಿರಾಳಕೊಪ್ಪಕ್ಕೆ ಬರುವಷ್ಟರಲ್ಲಿ ಕುಂಡೆ ಸುಡುತ್ತಿತ್ತು. ಅಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆವು. ಅಲ್ಲಿಯವರೆಗೆ ಬ್ರೇಕು ಬೆಣ್ಣೆಯೇ. ಚಿಕ್ಕಪ್ಪ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಆಚೆಯ ತಿರುವಿನಲ್ಲಿ ಎಮ್ಮೆಗಳು ಅಡ್ಡ ಬಂದವು. ಚಿಕ್ಕಪ್ಪ ಮೆಟ್ಟಿದ. ಇಳಿಯಲಿಲ್ಲ. ಸೀಟಿನಿಂದ ಎದ್ದು ನಿಂತು ಮೆಟ್ಟಿದ. ಲಾರಿ ಕೊನೆಯ ಎಮ್ಮೆಯ ಬಾಲಕ್ಕೆ ತಾಗುವಷ್ಟು ಹತ್ತಿರ ಹೋಗಿ ನಿಂತಿತು.

ಅಜ್ಜ ಮಂಡಕ್ಕಿ ಬಾಯಿಗೆ ಹಾಕಿಕೊಂಡು, "ಕಾಲಲ್ಲಿ ಕಸು ಇಲ್ಲೇನೋ?" ಎಂದರು.

ಚಿಕ್ಕಪ್ಪ ಬದಿಗೆ ಹಾಕಿ ಎಂಜಿನ್ ಆರಿಸಿದ. ನನ್ನನ್ನು ಸರಿಸಿ ಮುಚ್ಚಳ ಎತ್ತಿದ. ಎಲ್ಲ ಸರಿಯಾಗಿತ್ತು. ಪೈಪು ದುಂಡಗೆ, ಗಟ್ಟಿಯಾಗಿ ಕೂತಿತ್ತು. ಮುಚ್ಚಿ ಮತ್ತೆ ಸ್ಟಾರ್ಟ್ ಮಾಡಿದರೆ, ಎರಡು ಸಲ ಮೆಟ್ಟುವಷ್ಟರಲ್ಲಿ ಮತ್ತೆ ಕಲ್ಲು.

"ಎಂಜಿನ್ ಓಡೋವಾಗ ಕೆಡೋದನ್ನ ಆರಿಸಿ ನೋಡಿದ್ರೆ ಹೆಂಗ್ ಕಾಣ್ಬೇಕು?" ಎಂದೆ.

"ನೀನೇನ್ ಗ್ಯಾರೇಜ್ ಇಟ್ಟಿದೀಯೇನೆ?"

"ಕೂಸು ಹೇಳೋದ್ರಾಗೆ ತಪ್ಪೇನೈತೆ?" ಎಂದರು ಅಜ್ಜ. "ಎತ್ತು ಮುಚ್ಚಳ. ಎಂಜಿನ್ ಓಡ್ತಾನೇ ಇರ್ಲಿ."

ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಎಂಜಿನ್ ಗುಡುಗುತ್ತಿರುವಾಗಲೇ ಮುಚ್ಚಳ ಎತ್ತಿದರು. ಸುಟ್ಟ ಎಣ್ಣೆಯ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು. ಮೂವರೂ ಬಗ್ಗಿ ನೋಡಿದೆವು. ಸೈಲೆನ್ಸರಿಗೆ ಹೋಗುವ ಕೊಳವೆಯನ್ನು ತಾಗಿಕೊಂಡೇ ಹಾದಿದ್ದ ಆ ಹಸಿರು ಪೈಪು ಒಂದು ಗೇಣಿನಷ್ಟು ಉದ್ದ ಚಪ್ಪಟೆಯಾಗಿತ್ತು. ಮಕ್ಕಳು ಹೀರಿ ಮುಗಿಸಿದ ಐಸ್ ಪಾಕೀಟಿನ ಹಾಗೆ, ಒಳಗಿನ ಎರಡು ಗೋಡೆ ಒಂದಕ್ಕೊಂದು ಅಂಟಿಕೊಂಡಿದ್ದವು. ಚಿಕ್ಕಪ್ಪ ಕೈ ಚಾಚಿ ಎಂಜಿನ್ ಆರಿಸಿದ. ನಾವು ನೋಡುತ್ತಿದ್ದಂತೆ ಪೈಪು ಉಸಿರು ತುಂಬಿಕೊಂಡು ದುಂಡಗಾಯಿತು.

"ಅಯ್ಯೋ ಶಿವನೆ," ಎಂದ ಚಿಕ್ಕಪ್ಪ. "ಇದು ಎಳೆಯೋ ಪೈಪು!"

ಕಾಲುವೆ ಬದಿಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪಿನಿಂದ ಕಾಲುವೆಗೆ ಇಳಿಬಿಡುವುದು ಎಳೆಯುವ ಪೈಪು; ಅದರ ಮೈಗೆ ಬಳೆಬಳೆಯಾಗಿ ಬಿಗಿ ಇರಬೇಕು, ಇಲ್ಲದಿದ್ದರೆ ಪಂಪು ಅದನ್ನೇ ಹೀರಿ ಚಪ್ಪಟೆ ಮಾಡುತ್ತದೆ. ಪಂಪಿನಿಂದ ಹೊಲಕ್ಕೆ ಹೋಗುವುದು ಬಿಡುವ ಪೈಪು. ಅದು ಮೆತ್ತಗಿದ್ದರೂ ನಡೆದೀತು. ಚಿಕ್ಕಪ್ಪನಿಗೆ ಎರಡರ ವ್ಯತ್ಯಾಸವೂ ಗೊತ್ತು. ಆದರೆ ಬ್ರೇಕಿಗೆ ಬಲ ಬರುವುದೆಂದರೆ ಎಂಜಿನ್ ಆ ಕಡೆ ಏನನ್ನೋ ತಳ್ಳುತ್ತದೆ ಎಂದು ಅವನು ಲೆಕ್ಕ ಹಾಕಿದ್ದ. ಹಾಗಾಗಿ ಗಿಡಕ್ಕೆ ನೀರು ಬಿಡುವ ಪೈಪನ್ನೇ ಕತ್ತರಿಸಿ, ಹತ್ತಿರದ ದಾರಿ ನೋಡಿ ಹಾಕಿದ್ದ. ನಿಜದಲ್ಲಿ ಅಲ್ಲೊಂದು ಸಣ್ಣ ಪಂಪು ಬ್ರೇಕಿನ ಡಬ್ಬಿಯೊಳಗಿನ ಗಾಳಿಯನ್ನು ಎಳೆದು ಖಾಲಿ ಮಾಡುತ್ತದೆ. ಆ ಖಾಲಿಯೇ ಕಾಲಿಗೆ ನೆರವಾಗುವುದು. ತಣ್ಣಗಿದ್ದಾಗ ಹಸಿರು ಪೈಪು ತಡೆದುಕೊಳ್ಳುತ್ತಿತ್ತು. ಕಾದು ಮೆತ್ತಗಾದ ಮೇಲೆ ಆಗುತ್ತಿರಲಿಲ್ಲ.

ಆಳು ನಡೆಯುವಷ್ಟು ನಿಧಾನಕ್ಕೆ ಸೊರಬ ಮುಟ್ಟಿ, ಶುಂಠಿ ಇಳಿಸಿ, ಗ್ಯಾರೇಜಿಗೆ ಹೋದೆವು. ಗ್ಯಾರೇಜಿನ ಗಣಪಣ್ಣ ಪೈಪು ಬಿಚ್ಚಿ ಕೈಯಲ್ಲಿ ತೂಗಿ ನೋಡಿದ. "ಎಂತ ಮಾರಾಯ್ರೆ, ಇದ್ರಲ್ಲಿ ಮಲ್ಲಿಗೆ ಬಳ್ಳಿಗೆ ನೀರು ಹಾಕೂದಲ್ದ?"

"ಹಾಕಿದೋನು ಇಲ್ಲೇ ನಿಂತಾನೆ, ಕೇಳ್ರಿ," ಎಂದರು ಅಜ್ಜ.

"ಹೌದ್ರಿ, ನಾನೇ. ಅಪ್ಪಂದು ತಪ್ಪಿಲ್ಲ," ಎಂದ ಚಿಕ್ಕಪ್ಪ.

ಗಣಪಣ್ಣ ದಪ್ಪ ಗೋಡೆಯ ಕಪ್ಪು ರಬ್ಬರ್ ಪೈಪು ತಂದ. ಬಿಸಿ ಕೊಳವೆಯಿಂದ ದೂರಕ್ಕೆ, ಲಾರಿಯ ಚೌಕಟ್ಟಿನ ಬದಿಗೆ, ಎಲ್ಲೂ ಮುರಿಯದಂತೆ ಅಗಲ ಬಾಗಿಸಿ ಹಾಯಿಸಿ, ಎರಡು ತುದಿಗೂ ಕ್ಲಿಪ್ ಬಿಗಿದ. ಚಿಕ್ಕಪ್ಪ ಜೇಬಿನಿಂದ ಕೀಲಿ ತೆಗೆದು ಅಜ್ಜನ ಅಂಗೈಯಲ್ಲಿಟ್ಟ. "ಓಡ್ಸಪ್ಪ," ಎಂದು ತಾನು ಕಿಟಕಿ ಬದಿಗೆ ಹೋಗಿ ಕೂತ.

ನಾನು ಗೆದ್ದಿದ್ದೆ. ಬಜ್ಜಿಯ ಕೊನೆಯ ತುಂಡೂ ನನಗೇ ಸಿಕ್ಕಿತು.

ಆದರೆ ಪೈಪು ಕೆಟ್ಟಿತ್ತು ಎಂದು ತೋರಿಸಿದರೆ ಕಾಲು ಸರಿಯಾಗಿದೆ ಎಂದು ತೋರಿಸಿದ ಹಾಗಾಗುವುದಿಲ್ಲ. ಇದನ್ನು ಯಾವ ಚರ್ಚಾಸ್ಪರ್ಧೆಯೂ ನನಗೆ ಕಲಿಸಲಿಲ್ಲ. ಶಿರಾಳಕೊಪ್ಪದ ಹಂಪು ಬಂದಾಗ ಅಜ್ಜ ತೊಡೆಯ ಮೇಲಿನ ಪಂಚೆಯನ್ನು ಕೈಯಲ್ಲಿ ಹಿಡಿದು, ಬಲಗಾಲನ್ನು ಎತ್ತಿ, ಬ್ರೇಕಿನ ಮೇಲಿಟ್ಟರು. ಮುಂದಿನ ಹಂಪಿನಲ್ಲೂ ಹಾಗೇ. ಚಿಕ್ಕಪ್ಪ ಹೊರಗೆ ನೋಡುತ್ತಿದ್ದ.

"ಅಜ್ಜ," ಎಂದೆ, "ಕಾಲು ತಾನಾಗೇ ಬರಲ್ವಾ?"

ಅವರು ಇನ್ನೊಂದು ಹಂಪು ಹಾಗೇ ದಾಟಿಸಿದರು. ಆಮೇಲೆ ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದರು.

"ರುದ್ರ, ಈ ಕಡೆ ಬಾ."

"ಯಾಕಪ್ಪ? ಮತ್ತೆ ಕಲ್ಲಾಯ್ತಾ?"

"ಇಲ್ಲೋ, ಬೆಣ್ಣೆ ಆಗೈತೆ. ಕಾಲೇ ಹೋಗಿ ಮುಟ್ಟಲ್ಲ." ಅಜ್ಜ ಇಳಿಯುತ್ತ ನನ್ನ ತಲೆಗೆ ಮೊಟಕಿದರು. "ನನ್ ಕೇಸು ಗೆಲ್ಸಿ ತಾನೇ ಸೋಲ್ಸಿದ್ಲು ನೋಡು ಲಾಯರಮ್ಮ."

ನಕ್ಕರು. ಪೂರಾ ನಗು ಅಲ್ಲ. ಆಮೇಲೆ ಅವರು ಲಾರಿ ಓಡಿಸಲಿಲ್ಲ.

ಲಾರಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಅದಕ್ಕಾಗಿ ನಾನು ಮರುಗುವುದಿಲ್ಲ. ಈಗಿನ ಗಾಡಿಗಳಲ್ಲಿ ಏನಾದರೂ ಕೆಟ್ಟರೆ ಕಣ್ಣೆದುರೇ ಒಂದು ದೀಪ ಹೊತ್ತಿಕೊಳ್ಳುತ್ತದೆ, ಮುದುಕರ ಕಾಲನ್ನು ಯಾರೂ ಅನುಮಾನಿಸುವುದಿಲ್ಲ. ಒಳ್ಳೆಯದೇ. ಹೋದದ್ದು ಬೇರೆ. ಕಾಲೇಜಿನಲ್ಲಿ ನಾನು ವೇದಿಕೆ ಹತ್ತಿ ಬಹಳ ವಾದ ಮಾಡಿದೆ, ಕಪಾಟಿನ ತುಂಬ ಫಲಕಗಳಿವೆ. ಗೆದ್ದೆ ಎಂದವರು ತೀರ್ಪುಗಾರರು. ಎದುರಿನವರು ಒಪ್ಪಿದ್ದು ಒಮ್ಮೆಯೂ ಇಲ್ಲ, ಸೋತಾಗ ನಾನೂ ಒಪ್ಪಿದವಳಲ್ಲ. ಒಂದೇ ರಸ್ತೆಯಲ್ಲಿ, ಒಂದೇ ದಿನ, ಇಬ್ಬರು ಗಂಡಸರು ಕಂಡದ್ದನ್ನು ಕಂಡಿತು ಎಂದು ಹೇಳಿ ಜಾಗ ಬದಲಿಸಿ ಕೂತದ್ದನ್ನು ನಾನು ಮತ್ತೆ ನೋಡಿಲ್ಲ.

ಅಜ್ಜ ಈಗಿಲ್ಲ. ಚಿಕ್ಕಪ್ಪ ಇದ್ದಾನೆ. ಫೋನಿಗೆ ಬಂದದ್ದನ್ನೆಲ್ಲ ನಂಬಿ, ನಾನು ಊರಿಗೆ ಹೋದಾಗ ವಾದಕ್ಕಿಳಿಯುತ್ತಾನೆ. ಅದು ಸುಳ್ಳೆಂದು ತೆಗೆದು ಮುಂದೆ ಹಿಡಿದರೆ ಕನ್ನಡಕ ಕೂಡ ಹಾಕಿಕೊಳ್ಳುವುದಿಲ್ಲ. "ಇರ್ಲಿ ಬಿಡವ್ವ," ಎಂದು ಊಟಕ್ಕೆ ಏಳುತ್ತಾನೆ.