ಏರಿಗೆ ಮಣ್ಣು

ಅಣ್ಣನ ಅಂಗಾಲು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಬಿರುಕಿನೊಳಗೆ ಒಂದು ಕಡೆ ಕೆಮ್ಮಣ್ಣು, ಇನ್ನೊಂದು ಕಡೆ ಕೆರೆಯ ಕರಿ ಗೋಡುಮಣ್ಣು. ಹಬ್ಬದ ದಿನ ನಾನು ತೆಂಗಿನ ನಾರು ಹಿಡಿದು ತಿಕ್ಕಲು ಕೂತರೆ, "ಬುಡಮ್ಮಿ, ಅದು ನನ್ ಓದು. ಅಳಿಸ್ಬ್ಯಾಡ" ಎಂದು ನಗುತ್ತಾ ಕಾಲೆಳೆದುಕೊಳ್ಳುತ್ತಿದ್ದ.

ಅವನು ನಮ್ಮೂರ ನೀರುಗಂಟಿ. ಕೆರೆಯ ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅಪ್ಪನಿಂದ ಅವನಿಗೆ ಬಂದ ಕೆಲಸ. ದಿನಾ ಬೆಳಿಗ್ಗೆ, ಕೆರೆಯ ನೀರು ತಡೆದು ನಿಲ್ಲಿಸುವ ಮಣ್ಣಿನ ಏರಿಯ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆಯುತ್ತಿದ್ದ. ಎಲ್ಲಿ ನೀರು ಜಿನುಗುತ್ತಿದೆ ಎಂದು ಅವನ ಕಣ್ಣಿಗಿಂತ ಮೊದಲು ಪಾದಕ್ಕೆ ತಿಳಿಯುತ್ತಿತ್ತು.

ಊರು ಬಾಗಲೂರಿಗೆ ಹತ್ತಿರ. ಆಗ ನಮ್ಮದು ಸೇಲಂ ಜಿಲ್ಲೆ, ಸ್ವಲ್ಪ ದೂರ ನಡೆದರೆ ಮೈಸೂರು ಸೀಮೆ. ಚಿಕ್ಕವಳಿದ್ದಾಗ ನನ್ನನ್ನು ಏರಿಯ ಮೇಲೆ ನಿಲ್ಲಿಸಿ ತೋರಿಸುತ್ತಿದ್ದ. "ಅಗಾ ನೋಡು, ನಮ್ ಕೋಡಿ ನೀರು ಆ ಹೊಂಗೆ ಸಾಲಿನ ಮಗ್ಗುಲಾಗೆ ಹೋಯ್ತದೆ. ಕೆಳಗಲ ಕೆರೆ ತುಂಬ್ತದೆ. ಅದು ತುಂಬಿದ್ರೆ ಅದರ ಕೆಳಗ್ಲುದು. ಕಡೇಗೆ ಹೊಳೆ. ನೀರ್ಗೆ ಯಾವ ಸೀಮೆ ಅಂತ ಗೊತ್ತಾಯ್ತದಾ?" ಆ ಏರಿಯನ್ನು ಯಾರು ಕಟ್ಟಿಸಿದರೋ ಊರಲ್ಲಿ ಯಾರಿಗೂ ತಿಳಿಯದು. ತೂಬಿನ ಕಲ್ಲಿನ ಮೇಲೆ ಸವೆದ ಅಕ್ಷರಗಳಿದ್ದವು. ಅಣ್ಣ ಅವುಗಳ ಮೇಲೆ ಬೆರಳಾಡಿಸಿ, "ನೀನು ಓದು ಕಲ್ತು ಇದೇನಂತ ನಂಗೇಳು" ಎನ್ನುತ್ತಿದ್ದ.

ಅವ್ವ ಸತ್ತ ಮೇಲೆ ಅಣ್ಣ ನನ್ನನ್ನು ಕೃಷ್ಣಗಿರಿಯ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟ. ಅಲ್ಲಿನ ತಮಿಳು ಶಾಲೆಯಲ್ಲಿ ಮೂರು ವರ್ಷ ಓದಿದೆ. ಕಲ್ಲಿನ ಅಕ್ಷರ ಓದಲು ಆ ಓದು ಸಾಲಲಿಲ್ಲ. ಆದರೂ ಊರಿಗೆ ವಾಪಸು ಬಂದಾಗ ತಮಿಳು ಬರೆಯಬಲ್ಲ ಹೆಣ್ಣು ನಾನೊಬ್ಬಳೇ. ಅಣ್ಣ ಎಲ್ಲರ ಮುಂದೆ, "ನಮ್ಮಮ್ಮಿ ಕಲೆಕ್ಟರಿಗೇ ಕಾಗ್ದ ಬರೀತಾಳೆ ಕಣ್ಲಾ" ಎಂದು ಎದೆಯುಬ್ಬಿಸುತ್ತಿದ್ದ. ನನ್ನ ಮದುವೆ ಮುಗಿಯುವವರೆಗೆ ತಾನು ಮದುವೆಯಾಗುವುದಿಲ್ಲ ಎಂದಿದ್ದ.

ಯುದ್ಧ ಮುಗಿದ ವರ್ಷ, ಬೇಸಿಗೆಯಲ್ಲಿ, ಅಣ್ಣ ಏರಿಯ ನಡುಮಧ್ಯೆ ನಿಂತು ಮುಖ ಸಪ್ಪಗೆ ಮಾಡಿಕೊಂಡ. ಹೊರಮೈಯ ಮಣ್ಣು ಕುಸಿದಿತ್ತು, ಕೆಳಗೆ ಒಸರುತ್ತಿತ್ತು. "ಈ ಮಳೆಗಾಲ ತಡೆಯಾಕಿಲ್ಲ. ಸರ್ಕಾರ್ದೋರು ಏರಿಗೆ ಮಣ್ಣು ಹಾಕಿಸ್ಬೇಕು. ಬರಿ ಅಮ್ಮಿ" ಎಂದ. ಬರೆದೆ. ಅವನ ಮಾತು ಕಿವಿಯಲ್ಲಿರುವಾಗಲೇ ತಮಿಳಲ್ಲಿ ಬರೆದೆ: "ಏರಿಕ್ಕು ಮಣ್ ಪೋಡ ವೇಣ್ಡುಂ."

ತಮಿಳಿನಲ್ಲಿ ಏರಿ ಎಂದರೆ ಕೆರೆ. ನಮ್ಮ ಏರಿಗೆ ಅವರ ಮಾತು ಕರೈ. ಇದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೃಷ್ಣಗಿರಿಯಲ್ಲಿ ಪಕ್ಕದ ಮನೆಯ ಹುಡುಗಿ ಏರಿಯಲ್ಲಿ ಈಜಿ ಬಂದೆ ಎಂದಾಗ ಹೊಟ್ಟೆ ಹಿಡಿದು ನಕ್ಕಿದ್ದೆ.

ಕ್ಯಾಂಪಿಗೆ ಬಂದ ಅಧಿಕಾರಿ ತಮಿಳಿನವರು, ಹೊಸಬರು. ಊರ ಲೆಕ್ಕ ಬರೆಯುವ, ಎರಡೂ ಭಾಷೆ ಬಲ್ಲ ಕರಣಿಕರು ಅವತ್ತು ಊರಲ್ಲಿರಲಿಲ್ಲ. ಚಾವಡಿಯಲ್ಲಿ ಅಣ್ಣ ಕೈಮುಗಿದು ಅರ್ಜಿ ಕೊಟ್ಟ. ಅಧಿಕಾರಿ ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು, "ಏರಿಕ್ಕು ಮಣ್ಣಾ? ಅಪ್ಪೊ ತಣ್ಣಿ ಎಂಗೇ ನಿಕ್ಕುಂ?" ಎಂದರು. ಕೆರೆಗೇ ಮಣ್ಣು ಹಾಕಿದರೆ ನೀರು ಎಲ್ಲಿ ನಿಲ್ಲುತ್ತೆ ಎಂದು. ಅವರ ಜವಾನ ನಕ್ಕ. ಅವನು ನಕ್ಕನೆಂದು ಊರವರೂ ನಕ್ಕರು.

ಅಣ್ಣ ಕೆರೆಯ ಕಡೆ ಕೈ ತೋರಿಸಿ, "ಏರಿ ಸ್ವಾಮಿ, ಏರಿ!" ಎಂದ.

"ಆಮಾಪ್ಪಾ, ಏರಿದಾನ್!" ಎಂದರು ಅವರು, ಹೌದಪ್ಪಾ, ಕೆರೆಯೇ ಎಂದು. ಮತ್ತೆ ನಗು.

ಅಷ್ಟು ಜನರಲ್ಲಿ ಎರಡೂ ಭಾಷೆಯ ಏರಿ ಗೊತ್ತಿದ್ದವಳು ನಾನೊಬ್ಬಳೇ. ಕರೈ ಎಂಬ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಗುಮ್ಮಳಾಪುರದಿಂದ ನನ್ನನ್ನು ಹೆಣ್ಣು ಕೇಳಿಕೊಂಡು ಬಂದಿದ್ದ ಹಿರಿಯರು ಅಲ್ಲೇ ಜಗಲಿಯ ಮೇಲೆ ಕೂತಿದ್ದರು. ಓದುಬರಹ ಬಲ್ಲ ಹುಡುಗಿ ಎಂದೇ ಒಪ್ಪಿದ್ದವರು. ಅಣ್ಣ ದಿಕ್ಕು ತೋಚದೆ ನನ್ನತ್ತ ತಿರುಗಿದ. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: "ನೀನೇಳ್ದಂಗೇ ಬರ್ದಿವ್ನಿ ಕಣಣ್ಣಯ್ಯ."

ಅಕ್ಷರಕ್ಕೆ ಅಕ್ಷರ ನಿಜ. ಅಣ್ಣ ನನ್ನನ್ನೇ ನೋಡಿದ. ಆಮೇಲೆ ಅಧಿಕಾರಿಗೆ ಕೈಮುಗಿದು, "ನಂದೇ ತೆಪ್ಪು ಸ್ವಾಮಿ. ನಂಗೆ ಓದು ಬರಾಕಿಲ್ಲ" ಎಂದ.

ಅಂದಿನಿಂದ ಅವನು ಬೀದಿಗೆ ಬಂದರೆ ಸಾಕು, "ಏನ್ಲಾ ನೀರುಗಂಟಿ, ಕೆರೆ ಮುಚ್ಚಾಕೆ ಎಷ್ಟು ಗಾಡಿ ಮಣ್ಣು ಬೇಕ್ಲಾ?" ಎನ್ನುವವರಾದರು. "ನಿಮ್ ಬಾಯಿ ಮುಚ್ಚಾಕೆ ಎಲ್ಡು ಗಾಡಿ ಸಾಕ್ಲಾ" ಎಂದು ಅವನೂ ನಗುತ್ತಿದ್ದ. ಮದುವೆಗೆ ಎಂಟು ದಿನವಿರುವಾಗ ನನ್ನ ಹತ್ತಿರ ಬಂದು ಕೂತು, "ಇನ್ನೊಂದು ಅರ್ಜಿ ಬರೀತೀಯೇನಮ್ಮಿ?" ಎಂದು ಮೆಲ್ಲಗೆ ಕೇಳಿದ. ಬೇರೆ ಬರೆದರೆ ಮೊದಲನೆಯ ತಪ್ಪು ನನ್ನದೆಂದು ಬಯಲಾಗುತ್ತದೆ. "ಇನ್ನೊಂದ್ಸಲ ನಗಿಸ್ಕೋಬೇಕಾ? ಸುಮ್ಕಿರು" ಎಂದೆ.

ಮದುವೆಯಾಗಿ ಗುಮ್ಮಳಾಪುರಕ್ಕೆ ಹೋದೆ. ಆಮೇಲೆ ಊರಿನಿಂದ ಬಂದವರು ಹೇಳುತ್ತಿದ್ದರು: ಅಣ್ಣ ಒಬ್ಬನೇ ಮಂಕರಿಯಲ್ಲಿ ಮಣ್ಣು ಹೊತ್ತು ಏರಿಗೆ ಸುರಿಯುತ್ತಿದ್ದಾನೆ. ಹಿಂಗಾರು ಮಳೆ ಮೂರು ದಿನ ಬಿಡದೆ ಹೊಯ್ದಿತು. ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣ ಕೆಳಗಿನ ಗದ್ದೆಗಳಲ್ಲಿದ್ದವರನ್ನೆಲ್ಲ ಕೂಗಿ ಮೇಲೆ ಹತ್ತಿಸಿದ. ತಾನು ಮಾತ್ರ ಕಲ್ಲು, ಸೊಪ್ಪು ತುರುಕುತ್ತಾ ಬಿರುಕಿನ ಹತ್ತಿರವೇ ನಿಂತ. ಏರಿ ಅವನ ಕಾಲಡಿಯಲ್ಲೇ ಒಡೆಯಿತು. ಅವನು ಸಿಕ್ಕಿದ್ದು ಕೋಡಿಯ ದಾರಿಯಲ್ಲಿ ಅವನೇ ನನಗೆ ತೋರಿಸಿದ್ದ ಹೊಂಗೆ ಸಾಲಿನ ಬುಡದಲ್ಲಿ.

ಮಣ್ಣು ಮಾಡುವ ಮೊದಲು ಅವನ ಪಾದಗಳನ್ನು ನಾನೇ ತೊಳೆದೆ. ನಾರು ಹಿಡಿದು ತಿಕ್ಕಿದೆ. ಈ ಸಲ ಅವನು ಕಾಲೆಳೆದುಕೊಳ್ಳಲಿಲ್ಲ. ಬಿರುಕಿನ ಮಣ್ಣು ಹೋಗಲಿಲ್ಲ.

ಏರಿ ಒಡೆದದ್ದನ್ನು ನೋಡಲು ಅದೇ ಅಧಿಕಾರಿ ಬಂದರು. ನಾನು ಹೆಂಗಸರ ನಡುವಿನಿಂದ ಎದ್ದು ಹೋಗಿ ಅವರ ಮುಂದೆ ನಿಂತೆ. "ಕರೈ ಸಾಮಿ," ಎಂದೆ. "ಅಣ್ಣ ಸೊನ್ನದು ಕರೈ." ಅಣ್ಣ ಹೇಳಿದ್ದು ಕರೈ.

ಅವರು ಒಡೆದ ಏರಿಯನ್ನೂ ನನ್ನನ್ನೂ ನೋಡಿ ಕನ್ನಡಕ ತೆಗೆದರು. ಅವರಿಗೆ ತಿಳಿಯಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಏರಿಗೆ ಮಣ್ಣು ಹಾಕಿಸಿದರು.