ಅಕ್ಕೋರು ಸೂಜಿ ಚುಚ್ಚದ ದಿನ

ಎಡಗೈಯ ಹೆಬ್ಬೆರಳಿನ ಉಗುರನ್ನು ಮಾತ್ರ ಅವರು ಜೋಳದ ಕಾಳಿನಷ್ಟು ಬೆಳೆಸಿದ್ದರು. ಸೂಜಿ ಚುಚ್ಚುವ ಜಾಗವನ್ನು ಮೊದಲು ಆ ಉಗುರಿನಿಂದ ಒತ್ತುತ್ತಿದ್ದರು. ಒತ್ತಿದ್ದು ನಮ್ಮ ಗಮನಕ್ಕೆ ಬರುವಷ್ಟರಲ್ಲಿ ಸೂಜಿ ಒಳಗಿರುತ್ತಿತ್ತು. ಮನೆಗೆ ಬಂದು ನೋಡಿಕೊಂಡರೆ ಸೂಜಿಯ ಗುರುತು ಸಿಗುತ್ತಿರಲಿಲ್ಲ, ಉಗುರು ಮೂಡಿಸಿದ ಸಣ್ಣ ಗೆರೆಯೊಂದು ಕಾಣುತ್ತಿತ್ತು.

ತಿಕೋಟಾದಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಅವರ ಮನೆ. ಬಬಲೇಶ್ವರದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಚೀನಾದ ಸೂಜಿ ಚಿಕಿತ್ಸೆಯನ್ನು ಸೊಲ್ಲಾಪುರದ ಹಿರಿಯ ಡಾಕ್ಟರೊಬ್ಬರ ಹತ್ತಿರ, ಬೇಸಿಗೆ ರಜೆಗಳಲ್ಲಿ ಹೋಗಿ ಕಲಿತಿದ್ದರು. ಊರಿಗೆಲ್ಲ ಅವರು ಅಕ್ಕೋರು.

ದ್ರಾಕ್ಷಿ ತೋಟದಲ್ಲಿ ಹಗಲೆಲ್ಲ ಕೈ ಮೇಲೆತ್ತಿ ಕೆಲಸ ಮಾಡುವ ಹೆಂಗಸರು ಸಂಜೆ ಭುಜ ಹಿಡಿದುಕೊಂಡು ಅವರ ಪಡಸಾಲೆಗೆ ಬರುತ್ತಿದ್ದರು. ಸೂಜಿ ಮೈಯಲ್ಲಿರುವಷ್ಟು ಹೊತ್ತು ಅಲುಗಾಡುವಂತಿಲ್ಲ. ಸುಮ್ಮನೆ ಕೂರಿಸಲು ಅಕ್ಕೋರು ಪಾಠ ಶುರುಮಾಡುತ್ತಿದ್ದರು: ಚೀನಾದವರು ಮೊದಲು ಕಲ್ಲನ್ನು ಮಸೆದು ಚುಚ್ಚಿದ್ದು, ಆಮೇಲೆ ಎಲುಬು, ಆಮೇಲೆ ಲೋಹ. ಅಲ್ಲಿಯ ಒಬ್ಬ ರಾಜ ಕಂಚಿನ ಮನುಷ್ಯನನ್ನು ಎರಕ ಹೊಯ್ಯಿಸಿ, ಮೈತುಂಬ ತೂತು ಕೊರೆಸಿ, ಮೇಣ ಬಳಿಸಿ, ಒಳಗೆ ನೀರು ತುಂಬಿಸಿದ್ದನಂತೆ. ಪರೀಕ್ಷೆಗೆ ಬಂದ ವಿದ್ಯಾರ್ಥಿ ಸರಿಯಾದ ಜಾಗಕ್ಕೆ ಚುಚ್ಚಿದರೆ ನೀರು ಜಿನುಗಬೇಕು.

“ನನಗ ಎಲ್ಲಿ ಚುಚ್ಚಿದ್ರೂ ನೀರು ಬರಂಗಿಲ್ಲ ಬಿಡ್ರಿ ಅಕ್ಕೋರ,” ಎಂದಿದ್ದಳು ಅವ್ವ ಒಮ್ಮೆ. “ನಮ್ಮ ಓಣಿ ನಳದಾಗಽ ಬಂದಿಲ್ಲ.”

“ನಗಬ್ಯಾಡ ಬೇ, ಸೂಜಿ ಡೊಂಕ ಆಕ್ಕೈತಿ.”

ಅವ್ವನ ಭುಜ ಗುಣವಾಯಿತು. ಅಂದಿನಿಂದ ತಲೆನೋವಿಗೂ ಅವಳಿಗೆ ಅಕ್ಕೋರೇ ಬೇಕು. ನಾನು ಎಂ.ಎ. ಓದಲು ವಿಜಯಪುರಕ್ಕೆ ಓಡಾಡುತ್ತಿದ್ದ ವರ್ಷ ಅವಳಿಗೆ ಹೊಟ್ಟೆನೋವು ಶುರುವಾಯಿತು. ಊಟ ಕಡಿಮೆಯಾಯಿತು, ಕುಪ್ಪಸ ಸಡಿಲವಾಯಿತು. ಅಕ್ಕೋರು ಮೂರು ಬೆರಳಿಟ್ಟು ನಾಡಿ ನೋಡಿದರು, ನಾಲಿಗೆ ನೋಡಿದರು. ಆಮೇಲೆ ಸೂಜಿ ತೆಗೆಯದೆಯೇ ಒಂದು ಕತೆ ಹೇಳಿದರು.

ಚೀನಾದ ಹಳೆಯ ಕಾಲದ ವೈದ್ಯನೊಬ್ಬ ರಾಜನ ಮುಖ ನೋಡಿ, ರೋಗ ಚರ್ಮದಲ್ಲಿದೆ, ಶಾಖ ಕೊಟ್ಟರೆ ಸಾಕು ಎಂದ. ರಾಜ ನಕ್ಕ. ಕೆಲವು ದಿನದ ಮೇಲೆ ವೈದ್ಯ, ರಕ್ತಕ್ಕಿಳಿದಿದೆ, ಸೂಜಿ ಬೇಕು ಎಂದ. ರಾಜ ಸಿಟ್ಟಾದ. ಕರುಳಿಗಿಳಿದಿದೆ, ಕಷಾಯ ಬೇಕು ಎಂದ. ರಾಜ ಕೇಳಲಿಲ್ಲ. ಕೊನೆಗೊಂದು ದಿನ ವೈದ್ಯ ದೂರದಿಂದಲೇ ರಾಜನನ್ನು ನೋಡಿ, ಮಾತಾಡದೆ ಊರು ಬಿಟ್ಟು ಓಡಿಹೋದ. ರೋಗ ಎಲುಬಿನ ಒಳಕ್ಕೆ ಮುಟ್ಟಿತ್ತು.

“ಸೂಜಿಗೆ ಒಂದು ಗಡಿ ಐತಿ ತಂಗಿ. ಸೂಜಿ ಕಂಡುಹಿಡಿದವ್ರಽ ಹೇಳ್ಯಾರ ಇದನ್ನ. ವಿಜಾಪುರಕ್ಕ ಹೋಗು, ಸ್ಕ್ಯಾನ್ ಮಾಡಸು.”

“ದವಾಖಾನಿಗೆ ಹೋದವ್ರು ಹೆಂಗ ತಿರುಗಿ ಬಂದಾರ ನೋಡೇನ್ರಿ. ನೀವಽ ಚುಚ್ಚರಿ. ನೀವು ಚುಚ್ಚಿದ್ರ ನೋವು ಹೋಗತೈತಿ.”

“ಅದಕ್ಕಽ ಚುಚ್ಚಂಗಿಲ್ಲ. ನೋವು ಹೋದ್ರ ನೀ ದವಾಖಾನಿಗೆ ಹೋಗಂಗಿಲ್ಲ.”

ಅವ್ವ ಸೆರಗು ಕೊಡವಿ ಎದ್ದಳು. “ಬಾಗಲಿಗೆ ಬಂದ ದನಕ್ಕೂ ಯಾರೂ ಹಿಂಗ ಅನ್ನಂಗಿಲ್ಲ,” ಎಂದಳು. ವಾರಗಟ್ಟಲೆ ಆ ಓಣಿ ತುಳಿಯಲಿಲ್ಲ, ದವಾಖಾನೆಗೂ ಹೋಗಲಿಲ್ಲ. ನೋವು ತಾಳಲಾರದೆ ನನ್ನ ಜೊತೆ ವಿಜಯಪುರಕ್ಕೆ ಬರುವ ಹೊತ್ತಿಗೆ ಹೊಟ್ಟೆಯ ಕ್ಯಾನ್ಸರ್ ಗಡ್ಡೆ ಯಕೃತ್ತಿಗೂ ಹರಡಿತ್ತು. ಅಕ್ಕೋರು ಹೇಳಿದ ದಿನವೇ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಯಾರನ್ನೂ ಕೇಳಿಲ್ಲ.

ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ ಮೇಲೆ ಒಂದು ಸಂಜೆ ಅಕ್ಕೋರು ತಾವಾಗಿ ಬಂದರು. ಮಂಚದ ಪಕ್ಕ ಕುಳಿತು ಸೂಜಿ ಡಬ್ಬಿ ತೆರೆದರು. ಮುಂಗೈಯಲ್ಲಿ ಒಂದು ಜಾಗಕ್ಕೆ ಚುಚ್ಚಿದರೆ ವಾಂತಿ ಸ್ವಲ್ಪ ತಡೆಯುತ್ತದಂತೆ. ಅವ್ವ ಮೊದಲು ಹಿಗ್ಗಿ ಕೈ ಚಾಚಿದಳು. ಆಮೇಲೆ ಅವರ ಮುಖವನ್ನೇ ನೋಡುತ್ತ ಕೇಳಿದಳು:

“ಈಗ್ಯಾಕ ಚುಚ್ಚತೀರಿ ಅಕ್ಕೋರ?”

ಅಕ್ಕೋರು ಉಗುರಿನಿಂದ ಮುಂಗೈಯ ಜಾಗ ಒತ್ತಿದರು. ಸುಳ್ಳು ಹೇಳಲು ಅವರಿಗೆ ಬರುತ್ತಿರಲಿಲ್ಲ.

“ಆ ವೈದ್ಯ ಓಡಿಹೋದ ಅಂದಿದ್ರಿ,” ಎಂದಳು ಅವ್ವ.

“ನಾ ಎಲ್ಲಿ ಓಡ್ಲಿ ಬೇ? ನನ್ನ ಮೊಣಕಾಲು ನೋಡೀಯಿಲ್ಲೋ.”

ಅವ್ವ ನಕ್ಕಳು. ಅಕ್ಕೋರು ಕೊನೆಯ ತನಕ ದಿನವೂ ಬಂದರು. ಅವ್ವ ತೀರಿಕೊಂಡ ದಿನ ಅವಳ ತಲೆ ಬಾಚಿ ಹೆರಳು ಹಾಕಿದವರೂ ಅವರೇ.

ಈ ಕಾರ್ತಿಕದಲ್ಲಿ ಅಕ್ಕೋರೂ ಹೋದರು, ನಿದ್ದೆಯಲ್ಲಿ. ಮಣ್ಣು ಕೊಡಲು ಸಾರವಾಡದಿಂದ ಬಂದ ಚಿಕ್ಕವ್ವ, ಅವ್ವನ ತಂಗಿ, ಆ ರಾತ್ರಿ ನಮ್ಮ ಮನೆಯಲ್ಲಿ ಉಳಿದಳು. ಒಂದು ರೊಟ್ಟಿ ಮುರಿದು, ಅರ್ಧ ತಟ್ಟೆಯಲ್ಲೇ ಬಿಟ್ಟಳು.

“ಹೊಟ್ಟ್ಯಾಗ ಒಂದಽ ಸಮ ಹಿಂಡತೈತಿ, ಭಾಳ ದಿನಾ ಆತು. ದೀಪಾವಳಿ ಮುಗದ ಮ್ಯಾಲೆ ಅಕ್ಕೋರ ಹಂತ್ಯಾಕ ಬಂದ್ರಾತು ಅಂದಿದ್ದೆ. ಇನ್ನ ಯಾರು ಚುಚ್ಚಬೇಕವಾ?”

 ಮರುದಿನ ಬೆಳಿಗ್ಗೆ ಅವಳು ಊರಿಗೆ ಹೊರಡುವ ಮೊದಲೇ ಅವಳ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡೆ. “ದವಾಖಾನಿಗೆ ಹೋಗುವಂಥಾದ್ದೇನೂ ಆಗಿಲ್ಲ ಬಿಡಲೇ, ಹಟಮಾರಿ,” ಎಂದು ಬಸ್ ಸ್ಟ್ಯಾಂಡಿನ ತನಕ ಬೈದಳು. ವಿಜಯಪುರದ ಬಸ್ಸು ಬಂತು. ಅವಳನ್ನು ಕಿಟಕಿಯ ಕಡೆ ಕೂರಿಸಿ, ಎದ್ದು ಹೋಗದಂತೆ ಈ ಕಡೆ ನಾನು ಕುಳಿತೆ.